ಗಾಳಿಗೊಂದು ಜರಡಿ

ಬೆರೆಸುವುದು ಸುಲಭ, ಬೇರ್ಪಡಿಸುವುದು ಕಷ್ಟ. ಈ ಮಾತನ್ನು ಅರಿಯಲು ಯಾವ ಕಾಲೇಜಿಗೂ ಹೋಗಬೇಕಾಗಿಲ್ಲ. ಅಕ್ಕಿಗೆ ಕಲ್ಲು ಬೆರೆಯಲು ಒಂದು ಗಳಿಗೆ ಸಾಕು. ಅದನ್ನು ಆರಿಸಲು ಮನೆಯ ಹೆಂಗಸರಿಗೆ ಒಂದು ಮಧ್ಯಾಹ್ನವೇ ಬೇಕು. ಹಾಲಿಗೆ ನೀರು ಹಾಕುವವನು ಕಣ್ಣು ಮುಚ್ಚಿ ತೆರೆಯುವುದರೊಳಗೆ ತನ್ನ ಕೆಲಸ ಮುಗಿಸುತ್ತಾನೆ. ಬೇರ್ಪಡಿಸಬೇಕಾದರೆ ಹಂಸಪಕ್ಷಿಯೇ ಬರಬೇಕೆಂದು ಹೇಳಿ ನಮ್ಮ ಹಿರಿಯರು ಕೈ ತೊಳೆದುಕೊಂಡರು. ಕಾಳಿಗೆ ಮೊರವಿದೆ, ಹಿಟ್ಟಿಗೆ ಜರಡಿಯಿದೆ, ಕಾಫಿಗೆ ಸೋಸುವ ಬಟ್ಟೆಯಿದೆ. ಆದರೆ ಗಾಳಿಗೆ? ಒಂದು ಅನಿಲದೊಳಗಿಂದ ಇನ್ನೊಂದು ಅನಿಲವನ್ನು ಸೋಸಿ ತೆಗೆಯುವ ಜರಡಿಯುಂಟೆ?

ಉಂಟು. ಆ ಜರಡಿಯನ್ನು ಹೆಣೆಯುವವರು ಪಡುತ್ತಿರುವ ಪಾಡನ್ನು ಈ ಸಂಚಿಕೆಯ ಓದುಗರ ಮುಂದಿಡಬೇಕೆಂದು ಹೊರಟಿದ್ದೇನೆ. ಬಿ.ಎ. ತರಗತಿಯಲ್ಲಿ ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ನಾನು ರಸಾಯನಶಾಸ್ತ್ರದ ಗೋಜಿಗೆ ಏಕೆ ಹೋದೆನೆಂದು ಸಹಪಾಠಿ ಮಿತ್ರರು ಹುಬ್ಬೇರಿಸಬಹುದು. ಕಾರಣವಿಷ್ಟೆ: ನನ್ನ ಅಕ್ಕ ದೂರದ ಊರಿನ ಒಂದು ಪ್ರಯೋಗಾಲಯದಲ್ಲಿ ನಾಲ್ಕು ವರ್ಷಗಳಿಂದ ಇದೇ ಸಂಶೋಧನೆಯಲ್ಲಿ ತೊಡಗಿದ್ದಾಳೆ. ಅವಳು ರಜೆಗೆ ಬಂದಾಗಲೆಲ್ಲ ಅಮ್ಮ ಕೇಳುವ ಪ್ರಶ್ನೆ ಒಂದೇ: "ಅದು ಮುಗಿಯುವುದು ಯಾವಾಗ?" ಅಪ್ಪ ಕೇಳುವ ಪ್ರಶ್ನೆಯೂ ಒಂದೇ: "ಅದರಿಂದ ಆಗುವುದೇನು?" ಅಕ್ಕನ ಉತ್ತರದಲ್ಲಿ ಇಂಗ್ಲಿಷ್ ಶಬ್ದಗಳೇ ಹೆಚ್ಚು. ಅವಳ ಮಾತನ್ನು ಅಡಿಗೆಮನೆಯ ಕನ್ನಡಕ್ಕೆ ಇಳಿಸುವ ದುಭಾಷಿಯ ಕೆಲಸ ಹೇಗೋ ನನ್ನ ಪಾಲಿಗೆ ಬಂದಿತು. ಹಾಗೆ ಇಳಿಸುತ್ತ ಇಳಿಸುತ್ತ ನಾನೇ ಕಲಿತುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸ್ವಲ್ಪ ಇತಿಹಾಸ. ಅದು ನನ್ನ ವಿಷಯವೂ ಹೌದು. ೧೮೨೯ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಗ್ರಹಾಂ ಎಂಬ ರಸಾಯನಶಾಸ್ತ್ರಜ್ಞನು ಪ್ರಾಣಿಯ ಮೂತ್ರಕೋಶದ ಒಂದು ಒದ್ದೆ ಚೀಲದಲ್ಲಿ ಅರೆಬರೆಯಾಗಿ ಕಲ್ಲಿದ್ದಲ ಅನಿಲವನ್ನು ತುಂಬಿ, ಅದನ್ನು ಇಂಗಾಲದ ಡೈ ಆಕ್ಸೈಡ್ ಇದ್ದ ಜಾಡಿಯಲ್ಲಿಟ್ಟನು. ಕೆಲವು ಗಂಟೆಗಳಲ್ಲಿ ಚೀಲ ತಾನಾಗಿಯೇ ಉಬ್ಬಿಕೊಂಡಿತು. ಹೊರಗಿನ ಅನಿಲ ಚೀಲದ ಗೋಡೆಯನ್ನು ಹಾದು ಒಳಹೊಕ್ಕಿತ್ತು! ೧೮೩೧ರಲ್ಲಿ ಅಮೆರಿಕದ ಫಿಲಡೆಲ್ಫಿಯ ನಗರದ ಮಿಚೆಲ್ ಎಂಬ ವೈದ್ಯನು ರಬ್ಬರಿನ ಬುಗ್ಗೆಗಳಲ್ಲಿ ಬೇರೆ ಬೇರೆ ಅನಿಲಗಳನ್ನು ತುಂಬಿ, ಅವು ಬೇರೆ ಬೇರೆ ವೇಗದಲ್ಲಿ ಕುಗ್ಗುವುದನ್ನು ಕಂಡನು. ೧೮೬೬ರಲ್ಲಿ ಗ್ರಹಾಂ ಮತ್ತೆ ಅದೇ ವಿಷಯಕ್ಕೆ ಬಂದು, ತೆಳುವಾದ ರಬ್ಬರಿನ ಮೂಲಕ ಗಾಳಿಯನ್ನು ಹಾಯಿಸಿ, ಅದರಲ್ಲಿನ ಆಮ್ಲಜನಕದ ಪಾಲನ್ನು ಸುಮಾರು ಇಮ್ಮಡಿ ಮಾಡಿದನು.

ರಬ್ಬರಿನಲ್ಲಿ ರಂಧ್ರವಿಲ್ಲವಲ್ಲ, ಅನಿಲ ಹೇಗೆ ಹೋಯಿತು? ಗ್ರಹಾಂ ಕೊಟ್ಟ ಉತ್ತರ ಇಂದಿಗೂ ನಿಂತಿದೆ. ಸಕ್ಕರೆ ನೀರಿನಲ್ಲಿ ಕರಗುವಂತೆ ಅನಿಲವು ಪೊರೆಯಲ್ಲಿ ಕರಗುತ್ತದೆ. ಒಳಗೆ ನುಸುಳುತ್ತ ಸಾಗುತ್ತದೆ. ಆಚೆಯ ಮಗ್ಗುಲಲ್ಲಿ ಮತ್ತೆ ಅನಿಲವಾಗಿ ಹೊರಬೀಳುತ್ತದೆ. ರಬ್ಬರು, ಪ್ಲಾಸ್ಟಿಕ್ ಮೊದಲಾದುವುಗಳನ್ನು ಪಾಲಿಮರ್ ಎಂದು ಕರೆಯುತ್ತಾರೆ. ಸಾವಿರಾರು ಸಣ್ಣ ತುಣುಕುಗಳು ಕೊಂಡಿಗೆ ಕೊಂಡಿ ಸೇರಿ ಆದ ಉದ್ದನೆಯ ಸರಪಣಿಗಳ ರಾಶಿ ಅದು. ಸರಪಣಿಗಳು ಸದಾ ಅಲುಗಾಡುತ್ತಿರುತ್ತವೆ. ಅಲುಗಿದಾಗ ಅವುಗಳ ನಡುವೆ ಕ್ಷಣಕಾಲ ಒಂದು ಸಂದಿ ತೆರೆಯುತ್ತದೆ. ಅನಿಲದ ಅಣು ಅದರೊಳಕ್ಕೆ ಹಾರಿಕೊಳ್ಳುತ್ತದೆ. ಜಾತ್ರೆಯ ನೂಕುನುಗ್ಗಲಿನಲ್ಲಿ ಚಿಕ್ಕ ಹುಡುಗ ದೊಡ್ಡವರ ಮೊಣಕಾಲುಗಳ ನಡುವೆ ನುಸುಳಿ ತೇರಿನ ಬಳಿ ತಲಪುತ್ತಾನಲ್ಲವೆ? ಅದೇ ರೀತಿ.

ಇಲ್ಲಿ ಹುಡುಗನಿಗೂ ದೊಡ್ಡವನಿಗೂ ಇರುವ ಅಂತರ ಬಹಳ ಅಲ್ಪ. ಅಣುಗಳನ್ನು ಅಳೆಯಲು ಆಂಗ್‌ಸ್ಟ್ರಾಂ ಎಂಬ ಮಾನವಿದೆ. ಒಂದು ಮಿಲಿಮೀಟರಿನ ಕೋಟಿಯಲ್ಲಿ ಒಂದು ಪಾಲು. ಆಮ್ಲಜನಕದ ಅಣುವಿನ ಅಳತೆ ೩.೪೬ ಆಂಗ್‌ಸ್ಟ್ರಾಂ; ಸಾರಜನಕದ್ದು ೩.೬೪. ಇಂಗಾಲದ ಡೈ ಆಕ್ಸೈಡಿನದು ೩.೩, ಮೀಥೇನಿನದು ೩.೮. ಜಲಜನಕ ಇವೆಲ್ಲಕ್ಕಿಂತ ಚಿಕ್ಕದು, ೨.೮೯. ಇಷ್ಟು ಸೂಕ್ಷ್ಮವಾದ ವ್ಯತ್ಯಾಸವನ್ನು ಗುರುತಿಸುವ ಜರಡಿಯ ಎಳೆಗಳು ಮನಬಂದಂತೆ ಜೋಲಾಡುವಂತಿಲ್ಲ. ರಬ್ಬರಿನ ಸರಪಣಿಗಳು ಮೆತ್ತಗೆ. ಅವು ಬೇಕಾದಂತೆ ಬಳುಕಿ, ಬಂದವರಿಗೆಲ್ಲ ದಾರಿ ಬಿಡುತ್ತವೆ. ಬಿಗುಪಾದ, ಸುಲಭವಾಗಿ ಬಳುಕದ ಸರಪಣಿಯಿದ್ದರೆ ಮಾತ್ರ ಚಿಕ್ಕದನ್ನು ಬಿಟ್ಟು ದೊಡ್ಡದನ್ನು ತಡೆಯಬಹುದು. ಉಷ್ಣವನ್ನು ತಡೆದುಕೊಳ್ಳುವ ಶಕ್ತಿಯೂ ಅಂತಹ ಸರಪಣಿಗೇ ಹೆಚ್ಚು. ಕಾರ್ಖಾನೆಗಳಲ್ಲಿ ಅನಿಲಗಳು ಹೊರಬೀಳುವುದು ಅನೇಕ ವೇಳೆ ಬಿಸಿಯಾಗಿಯೇ. ಅವನ್ನು ತಣ್ಣಗೆ ಮಾಡಿ ಸೋಸಿ ಮತ್ತೆ ಕಾಯಿಸುವುದೆಂದರೆ ಇಂಧನದ ದಂಡ. ಆದುದರಿಂದ ಬೆಂಕಿಗೆ ಅಂಜದ ಪಾಲಿಮರ್ ಬೇಕೆಂದು ವಿಜ್ಞಾನಿಗಳು ಹುಡುಕಿದರು.

ಅಂತಹುದು ಸಿಕ್ಕಿತೂ ಸಹ. ಪಾಲಿಇಮೈಡ್ ಎಂಬ ಜಾತಿಯ ಪಾಲಿಮರುಗಳಲ್ಲಿ ಪರಮಾಣುಗಳು ಉಂಗುರ ಉಂಗುರವಾಗಿ ಜೋಡಿಸಿಕೊಂಡು ಚಪ್ಪಟೆಯಾದ ಬಿರುಸು ಸರಪಣಿಯಾಗುತ್ತವೆ. ೧೯೬೦ರ ದಶಕದಲ್ಲಿ ಅಮೆರಿಕದ ಡ್ಯುಪಾಂಟ್ ಕಂಪೆನಿ ಕ್ಯಾಪ್ಟನ್ ಎಂಬ ಹೆಸರಿನಲ್ಲಿ ಇಂತಹ ಒಂದು ಹಾಳೆಯನ್ನು ತಯಾರಿಸಿತು. ನೋಡಲು ಜೇನುತುಪ್ಪದ ಬಣ್ಣ. ಸೊನ್ನೆಗಿಂತ ೨೬೯ ಡಿಗ್ರಿ ಕೆಳಗಿನ ಚಳಿಯಿಂದ ೪೦೦ ಡಿಗ್ರಿ ಸೆಂಟಿಗ್ರೇಡಿನ ಉರಿಯವರೆಗೆ ಅದು ಜಗ್ಗುವುದಿಲ್ಲ. ಚಂದ್ರನ ಮೇಲಿಳಿದ ಅಪೋಲೊ ನೌಕೆಗಳ ಹೊದಿಕೆಯಲ್ಲೂ ಅದಿತ್ತು. ೧೯೬೧ರಲ್ಲಿ ವೋಗೆಲ್ ಮತ್ತು ಮಾರ್ವೆಲ್ ಎಂಬುವರು ಪಾಲಿಬೆಂಜಿಮಿಡಜೋಲ್ ಎಂಬ ಇನ್ನೊಂದು ಗಟ್ಟಿಗನನ್ನು ಪ್ರಕಟಿಸಿದರು. ಅದರ ನೂಲಿನಿಂದ ಬೆಂಕಿ ಆರಿಸುವವರ ಉಡುಪುಗಳನ್ನು ಹೊಲಿಯುತ್ತಾರೆ.

ಹಾಗಾದರೆ ಇನ್ನೇನು ಬೇಕು, ಜರಡಿ ಸಿದ್ಧವಾಯಿತಲ್ಲ ಎನ್ನುವಿರಾ? ಅಲ್ಲಿಯೇ ತೊಡಕು. ಅನಿಲ ಬೇಗ ಹಾಯಬೇಕಾದರೆ ಪೊರೆ ಅತ್ಯಂತ ತೆಳುವಾಗಿರಬೇಕು. ದಪ್ಪ ಅರ್ಧವಾದರೆ ಹಾಯುವ ಅನಿಲ ಎರಡರಷ್ಟು. ಕೆಲಸಕ್ಕೆ ಬರುವ ಪೊರೆಯ ಸೋಸುವ ಪದರವು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ಮಾತ್ರ ದಪ್ಪ. ಇಷ್ಟು ತೆಳು ವಸ್ತು ತಾನಾಗಿ ನಿಲ್ಲಲಾರದು. ಅದರ ಕೆಳಗೆ ರಂಧ್ರಮಯವಾದ ದಪ್ಪ ಆಸರೆ ಬೇಕು. ೧೯೬೦ರ ಆಸುಪಾಸಿನಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಯಲ್ಲಿ ಸಿಡ್ನಿ ಲೋಬ್ ಅವರೂ ಭಾರತ ಮೂಲದ ಶ್ರೀನಿವಾಸ ಸೌರಿರಾಜನ್ ಅವರೂ ಕೂಡಿ ಇದಕ್ಕೊಂದು ಸೊಗಸಾದ ಉಪಾಯ ಕಂಡುಹಿಡಿದರು. ಸಮುದ್ರದ ನೀರನ್ನು ಸಿಹಿ ಮಾಡುವುದು ಅವರ ಉದ್ದೇಶವಾಗಿದ್ದಿತು. ಪಾಲಿಮರನ್ನು ಒಂದು ದ್ರವದಲ್ಲಿ ಕರಗಿಸಿ, ತೆಳುವಾಗಿ ಹರವಿ, ನೀರಿನಲ್ಲಿ ಅದ್ದಿದರೆ, ಮೇಲೆ ಕೆನೆಯಂತಹ ಪದರವೂ ಕೆಳಗೆ ಸ್ಪಂಜಿನಂತಹ ಆಸರೆಯೂ ಒಮ್ಮೆಗೇ ಮೂಡಿಬರುತ್ತವೆ. ಕೂದಲೆಳೆಯಂತಹ ಪೊಳ್ಳು ನಾಳಗಳನ್ನು ನೂಲುವುದೂ ಇದೇ ತತ್ತ್ವದ ಮೇಲೆ. ೧೯೮೦ರ ಹೊತ್ತಿಗೆ ಮಾನ್ಸಾಂಟೊ ಕಂಪೆನಿಯು ಪಾಲಿಸಲ್ಫೋನ್ ಎಂಬ ಪಾಲಿಮರಿನ ಇಂತಹ ನಾಳಗಳನ್ನು ಮಾರುಕಟ್ಟೆಗೆ ತಂದಿತು. ಗೊಬ್ಬರಕ್ಕೆ ಬೇಕಾದ ಅಮೋನಿಯ ತಯಾರಿಸುವ ಕಾರ್ಖಾನೆಗಳಲ್ಲಿ ವ್ಯರ್ಥವಾಗಿ ಹೊರಹೋಗುತ್ತಿದ್ದ ಜಲಜನಕವನ್ನು ಅವು ಹಿಡಿದುಕೊಟ್ಟವು.

ಈ ಉಪಾಯದ ಮೊದಲ ಮೆಟ್ಟಿಲನ್ನು ಗಮನಿಸಿ: ಪಾಲಿಮರನ್ನು ಕರಗಿಸಿ. ಬೆಂಕಿಗೆ ಅಂಜದ ಆ ಗಟ್ಟಿಗರು ಯಾವ ಸಾಮಾನ್ಯ ದ್ರವದಲ್ಲೂ ಕರಗುವುದಿಲ್ಲ! ಕರಗದಿದ್ದರೆ ಹರವುವಂತಿಲ್ಲ, ನೂಲುವಂತಿಲ್ಲ. ಕಾಯಿಸಿ ಎರಕ ಹೊಯ್ಯೋಣವೆಂದರೆ ಕ್ಯಾಪ್ಟನ್ ಕರಗಿ ನೀರಾಗುವುದೇ ಇಲ್ಲ. ಬಹಳ ಕಾಯಿಸಿದರೆ ಕರಿಕಾಗುತ್ತದೆ. ಅದನ್ನು ಹಾಳೆ ಮಾಡುವುದಾದರೂ ಹೇಗೆ? ಕುಂಬಾರನ ದಾರಿಯಲ್ಲಿ. ಹಸಿ ಮಣ್ಣು ಹೇಳಿದಂತೆ ಕೇಳುತ್ತದೆ. ಆವಿಗೆಯಲ್ಲಿ ಬೆಂದ ಮಡಕೆ ಕೇಳುವುದಿಲ್ಲ. ಪಾಲಿಇಮೈಡಿಗೂ ಒಂದು ಹಸಿ ರೂಪವಿದೆ, ಅದು ಕರಗುತ್ತದೆ. ಅದನ್ನು ಹರವಿ ೩೦೦ ಡಿಗ್ರಿಯ ಸುಮಾರಿಗೆ ಬೇಯಿಸಿದರೆ ನೀರು ಬಿಟ್ಟುಕೊಟ್ಟು ಗಟ್ಟಿಯಾಗುತ್ತದೆ. ದಪ್ಪ ಹಾಳೆಗೆ ಇದು ಸರಿ. ಆದರೆ ಅಷ್ಟೊಂದು ತೆಳುವಾದ ಪದರದಲ್ಲಿ ಬೇಯುವಾಗ ಎಲ್ಲಿಯಾದರೂ ಒಂದು ಸೂಜಿಮೊನೆಯಷ್ಟು ತೂತು ಬಿದ್ದರೂ ಜರಡಿ ಕೆಟ್ಟಿತು. ಕೆಳಗಿನ ಸ್ಪಂಜು ಕೂಡ ಆ ಉರಿಯಲ್ಲಿ ಕುಸಿಯಬಹುದು. ಆದಕಾರಣ ಬೆಂದ ಮೇಲೂ ಕರಗುವ ಮಡಕೆ ಬೇಕು! ಇದು ಮೊಲದ ಕೊಂಬನ್ನು ಕೇಳಿದಂತಾಗಲಿಲ್ಲವೆ?

ಅಕ್ಕನ ಕೆಲಸ ಆರಂಭವಾಗುವುದು ಇಲ್ಲಿಂದ. ಮೊದಲ ವರ್ಷ ಅವಳು ಮಾಡಿದ್ದೆಲ್ಲ ಹಳದಿ ಪುಡಿ. ಸಣ್ಣ ಸಣ್ಣ ಶೀಸೆಗಳಲ್ಲಿ ಒಂದೊಂದು ಚಿಟಿಕೆ ಹಾಕಿ, ಒಂದೊಂದು ಬಗೆಯ ದ್ರವ ಸುರಿದು, ರಾತ್ರಿಯೆಲ್ಲ ಅಲುಗಾಡಿಸಿ ಬೆಳಿಗ್ಗೆ ನೋಡಿದರೆ ಪುಡಿ ತಳದಲ್ಲಿ ಹಾಗೆಯೇ ಕುಳಿತಿರುತ್ತಿತ್ತಂತೆ. "ಬೆಂಕಿಗೂ ಜಗ್ಗುವುದಿಲ್ಲ, ನೀರಿಗೂ ಜಗ್ಗುವುದಿಲ್ಲ" ಎಂದು ಅವಳು ನೊಂದುಕೊಂಡಾಗ, "ಥೇಟ್ ನಿನ್ನ ಹಾಗೆಯೇ" ಎಂದು ಅಮ್ಮ ಹೇಳಿದ್ದುಂಟು.

ಸರಪಣಿಯ ಮಧ್ಯೆ ಅಲ್ಲಲ್ಲಿ ಮೆತ್ತನೆಯ ಕೊಂಡಿಗಳನ್ನು ಹಾಕಿದರೆ ಅದು ಬಳುಕುತ್ತದೆ, ಕರಗುತ್ತದೆ. ಆದರೆ ಹಾಗೆ ಮಾಡಿದಷ್ಟೂ ಉಷ್ಣಸಹನೆ ತಗ್ಗುತ್ತದೆ, ಜರಡಿಯ ವಿವೇಕವೂ ತಗ್ಗುತ್ತದೆ. ಒಂದನ್ನು ಕೊಟ್ಟು ಇನ್ನೊಂದನ್ನು ಕೊಂಡಂತಾಯಿತು. ಇಲ್ಲಿ ರಸಾಯನಶಾಸ್ತ್ರಜ್ಞರು ಕೇಳಿಕೊಂಡ ಒಂದು ಪ್ರಶ್ನೆ ನನಗೆ ತುಂಬ ಹಿಡಿಸಿತು. ಈ ಪಾಲಿಮರ್ ಕರಗದಿರುವುದು ಅದು ಗಟ್ಟಿಯಾಗಿರುವುದರಿಂದಲೇ? ಅಥವಾ ಒಂದಕ್ಕೊಂದು ಅಂಟಿ ಕುಳಿತಿರುವುದರಿಂದಲೇ?

ಸೌದೆಯ ರಾಶಿಯನ್ನು ನೆನೆಯಿರಿ. ನಯವಾಗಿ ಸೀಳಿದ ದಬ್ಬೆಗಳನ್ನು ಒಂದರ ಪಕ್ಕ ಒಂದಿಟ್ಟು ಕಟ್ಟಿದರೆ ನಡುವೆ ಇರುವೆಯೂ ನುಸುಳದು. ಜಾಲಿಯ ಮುಳ್ಳುಕೊಂಬೆಗಳನ್ನು ಎಷ್ಟೇ ಒತ್ತಿ ಒಟ್ಟಿದರೂ ನಡುನಡುವೆ ಗಾಳಿಯಾಡುತ್ತದೆ. ಹಾಗೆಂದು ಜಾಲಿ ಬಿದಿರಿಗಿಂತ ಮೆದುವೇನು? ಗಟ್ಟಿತನ ಕೊಂಬೆಯದು, ಬಿಗಿತನ ರಾಶಿಯದು. ಎರಡೂ ಒಂದೇ ಅಲ್ಲ. ಪಾಲಿಇಮೈಡಿನ ಚಪ್ಪಟೆ ಸರಪಣಿಗಳು ದಬ್ಬೆಗಳಂತೆ ಮೈಗೆ ಮೈ ಹಚ್ಚಿ ಕೂಡುತ್ತವೆ, ಒಂದನ್ನೊಂದು ಸೆಳೆದುಕೊಳ್ಳುತ್ತವೆ. ದ್ರವದ ಅಣುವಿಗೆ ಒಳಹೊಗಲು ಎಡೆಯಿಲ್ಲ. ಸರಪಣಿಯನ್ನು ಮೆತ್ತಗೆ ಮಾಡದೆ ಅದಕ್ಕೆ ಮುಳ್ಳು ಮೂಡಿಸಿದರೆ? ಸ್ಥೂಲವಾದ ಒಂದು ಗುಂಪನ್ನು ಮಗ್ಗುಲಿಗೆ ಅಂಟಿಸಿದರೆ, ಅಥವಾ ನಡುವಿನಲ್ಲೇ ಒಂದು ಗಡುಸಾದ ತಿರುವು ಕೊಟ್ಟರೆ, ಸರಪಣಿ ಬಿರುಸಾಗಿಯೇ ಉಳಿಯುತ್ತದೆ, ಆದರೆ ನೆರೆಯ ಸರಪಣಿ ಹತ್ತಿರ ಬಂದು ಒತ್ತಲಾರದು. ಆಗ ದ್ರವಕ್ಕೂ ಒಳದಾರಿ, ಅನಿಲಕ್ಕೂ ಒಳದಾರಿ. ಎರಡು ಫ್ಲೋರಿನ್ ಗುಂಪುಗಳನ್ನು ಹೊತ್ತ ತಿರುವುಳ್ಳ ಪಾಲಿಇಮೈಡುಗಳು ಹೀಗೆಯೇ ಕರಗುವ ಗುಣವನ್ನೂ ಅನಿಲವನ್ನು ಹಾಯಿಸುವ ಗುಣವನ್ನೂ ಒಟ್ಟಿಗೆ ಪಡೆದವು. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಪಾಲಿಬೆಂಜಿಮಿಡಜೋಲಿಗೂ ಇಂತಹ ಸ್ಥೂಲ ಗುಂಪುಗಳನ್ನು ಸೇರಿಸಿ ಸಡಿಲಗೊಳಿಸಿದ್ದಾರೆ. ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೂ ಪಾಲಿಮರ್ ಪೊರೆಗಳ ಮೇಲೆ ಹಲವು ವರ್ಷ ಸಂಶೋಧನೆ ನಡೆದಿದೆಯೆಂಬುದು ನಮಗೆ ಹೆಮ್ಮೆಯ ಸಂಗತಿ.

೨೦೦೪ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಬಡ್ ಮತ್ತು ಮೆಕ್‌ಕೋನ್ ಎಂಬ ವಿಜ್ಞಾನಿಗಳು ಈ ವಿಚಾರವನ್ನು ಕೊನೆಮುಟ್ಟಿಸಿದರೆಂದೇ ಹೇಳಬಹುದು. ಅವರ ಪಾಲಿಮರ್ ಏಣಿಯಂತೆ ಬಿರುಸು, ನಡುನಡುವೆ ಕತ್ತರಿಯಂತಹ ತಿರುವು. ಎಷ್ಟು ಒತ್ತಿದರೂ ಒತ್ತಾಗಿ ಕೂಡದು. ಆದರೂ ಸುಲಭವಾಗಿ ಕರಗುತ್ತದೆ. ಆದರೆ ವಯಸ್ಸಾದಂತೆಲ್ಲ ಅದರೊಳಗಿನ ಸಂದಿಗಳು ಮೆಲ್ಲಮೆಲ್ಲನೆ ಕುಗ್ಗುತ್ತವೆ. ೨೦೦೭ರಲ್ಲಿ ಹೋ ಬಮ್ ಪಾರ್ಕ್ ಮತ್ತು ಸಂಗಡಿಗರು ಕುಂಬಾರನ ದಾರಿಯನ್ನೇ ಇನ್ನೊಂದು ಬಗೆಯಲ್ಲಿ ಹಿಡಿದರು. ಕರಗುವ ಪಾಲಿಇಮೈಡಿನಿಂದ ಮೊದಲು ಪೊರೆ ಮಾಡಿ, ಆಮೇಲೆ ೪೦೦ ಡಿಗ್ರಿಗೂ ಮೇಲೆ ಕಾಯಿಸಿ, ಅದರ ಉಂಗುರಗಳೇ ಬೇರೆ ರೀತಿಯಲ್ಲಿ ಜೋಡಿಸಿಕೊಳ್ಳುವಂತೆ ಮಾಡಿದರು. ಏಕೆಂದರೆ ಕರಗುವ ಗುಣ ಎರಡಲಗಿನ ಕತ್ತಿ. ಪೊರೆ ಮಾಡುವ ದಿನ ಅದು ಬೇಕು. ಮಾಡಿದ ಮರುದಿನದಿಂದ ಅದೇ ವೈರಿ. ಒತ್ತಡದಲ್ಲಿರುವ ಇಂಗಾಲದ ಡೈ ಆಕ್ಸೈಡ್ ಪೊರೆಯನ್ನು ಉಬ್ಬಿಸಿ ಸಡಿಲಿಸುತ್ತದೆ. ಆಗ ತಡೆಯಬೇಕಾದ ಅನಿಲವೂ ನುಗ್ಗಿಬರುತ್ತದೆ.

ಹೇಳಲು ಇಷ್ಟು ಸುಲಭ, ಮಾಡಲು? ಅಕ್ಕ ಎರಡನೆಯ ವರ್ಷದ ಬಹುಭಾಗವನ್ನು ಕಳೆದದ್ದು ಮುಳ್ಳುಳ್ಳ ಆ ಒಂದು ತುಣುಕನ್ನು ತಯಾರಿಸುವುದರಲ್ಲಿಯೇ. ಪಾಲಿಇಮೈಡಿಗೆ ಎರಡು ಬಗೆಯ ತುಣುಕುಗಳು ಬೇಕು, ಎರಡೂ ಸರಿಸಮನಾಗಿರಬೇಕು. ತಕ್ಕಡಿಯಲ್ಲಿ ಒಂದು ಕೂದಲಷ್ಟು ಹೆಚ್ಚುಕಡಿಮೆಯಾದರೆ ಸರಪಣಿ ಉದ್ದ ಬೆಳೆಯುವುದಿಲ್ಲ. ಉದ್ದ ಬೆಳೆಯದಿದ್ದರೆ ಹಾಳೆ ಹಪ್ಪಳದಂತೆ ಮುರಿಯುತ್ತದೆ. ತುಣುಕು ಅಶುದ್ಧವಾದರೂ ಅದೇ ಗತಿ. ತೇವ ತಗಲಿದರೂ ಕೆಟ್ಟಿತು. ಆದುದರಿಂದ ಮಳೆಗಾಲವೆಂದರೆ ಅವಳಿಗೆ ಜಗಳ. ಕರಗಿಸಲು ಬಳಸುವ ದ್ರವಗಳೂ ಸಾಧುವಲ್ಲ. ಅವುಗಳಲ್ಲಿ ಕೆಲವು ಗರ್ಭದ ಶಿಶುವಿಗೆ ಹಾನಿಕರವೆಂದು ಗುರುತಿಸಲ್ಪಟ್ಟಿವೆ. ಕೈಗವಸು ತೊಟ್ಟು, ಗಾಳಿ ಎಳೆಯುವ ಗೂಡಿನ ಮುಂದೆ ನಿಂತು ಕೆಲಸ ಮಾಡಬೇಕು. ಈ ಒಂದು ಸಂಗತಿಯನ್ನು ನಾನು ಅಮ್ಮನಿಗೆ ಅನುವಾದಿಸಲಿಲ್ಲ; ಅಕ್ಕನೇ ಹೇಳಿದಳು. ಅಮ್ಮ ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ.

ಮೂರನೆಯ ವರ್ಷದ ಕೊನೆಗೆ ಒಂದು ದಿನ ಶೀಸೆಯ ತಳದಲ್ಲಿ ಪುಡಿ ಇರಲಿಲ್ಲ. ತಣ್ಣಗಿನ ದ್ರವದಲ್ಲಿ, ಕಾಯಿಸದೆಯೇ ಕರಗಿ ತಿಳಿಯಾದ ಪಾಕವಾಗಿತ್ತು. ಗಾಜಿನ ಮೇಲೆ ಹರವಿ ಒಣಗಿಸಿ ನೀರಿನಲ್ಲಿಟ್ಟಾಗ ಹಾಳೆ ಬಾಳೆಯ ಸುಳಿಯಂತೆ ಬಿಡಿಸಿಕೊಂಡು ಬಂದಿತು. ಕಾಯಿಸಿ ತೂಕ ನೋಡಿದರೆ ೪೦೦ ಡಿಗ್ರಿ ದಾಟುವವರೆಗೂ ಕರಗಿಹೋದದ್ದು ಏನೂ ಇಲ್ಲ. ಆ ದಿನ ಅವಳು ದೂರವಾಣಿಯಲ್ಲಿ ಮಾತನಾಡಿದ ಸಡಗರವನ್ನು ಕೇಳಿದ ಅಪ್ಪ, ಮದುವೆಯೇ ಗೊತ್ತಾಯಿತೋ ಏನೋ ಎಂದುಕೊಂಡರು!

ಆದರೆ ಕಡೆಯ ಪರೀಕ್ಷೆ ಇನ್ನೂ ಇತ್ತು. ೧೯೯೧ರಲ್ಲಿ ಲಾಯ್ಡ್ ರೋಬ್ಸನ್ ಎಂಬ ವಿಜ್ಞಾನಿಯು ಅದುವರೆಗೆ ಅಳೆದಿದ್ದ ಪಾಲಿಮರುಗಳನ್ನೆಲ್ಲ ಒಂದೇ ನಕ್ಷೆಯಲ್ಲಿ ಚುಕ್ಕಿಗಳಾಗಿ ಗುರುತಿಸಿದನು. ಎಷ್ಟು ಬೇಗ ಹಾಯಿಸುತ್ತದೆ ಎಂಬುದು ಒಂದು ಕಡೆ. ಎಷ್ಟು ಚೆನ್ನಾಗಿ ಆರಿಸುತ್ತದೆ ಎಂಬುದು ಇನ್ನೊಂದು ಕಡೆ. ಬೇಗ ಹಾಯಿಸುವುದು ಚೆನ್ನಾಗಿ ಆರಿಸುವುದಿಲ್ಲ. ಚೆನ್ನಾಗಿ ಆರಿಸುವುದು ಬೇಗ ಹಾಯಿಸುವುದಿಲ್ಲ. ಚುಕ್ಕಿಗಳ ಮೇಲ್ಗಡೆ ಒಂದು ಓರೆಗೆರೆ ಎಳೆದರೆ ಅದನ್ನು ದಾಟಿದವು ಇಲ್ಲವೇ ಇಲ್ಲವೆನ್ನಬಹುದು. ಹೊಸ ಪಾಲಿಮರುಗಳು ಬಂದಂತೆ ೨೦೦೮ರಲ್ಲಿ ಆ ಗೆರೆಯನ್ನು ಅವನೇ ಮೇಲಕ್ಕೆ ಸರಿಸಿ ಎಳೆದನು. ಪೊರೆಯ ಕೆಲಸ ಮಾಡುವವರ ಪಾಲಿಗೆ ಅದೇ ಲಕ್ಷ್ಮಣರೇಖೆ. ವ್ಯತ್ಯಾಸವೇನೆಂದರೆ ಇಲ್ಲಿ ದಾಟಿದವರಿಗೇ ಕೀರ್ತಿ. ಅಕ್ಕನ ಚುಕ್ಕಿ ಹಳೆಯ ಗೆರೆಗೂ ಕೆಳಗೆ ಬಿದ್ದಿತು.

ಆ ಸಲ ರಜೆಗೆ ಬಂದಾಗ ಅವಳು ಹೆಚ್ಚು ಮಾತನಾಡಲಿಲ್ಲ. ವಿದ್ಯಾರ್ಥಿವೇತನದ ಅವಧಿ ಮುಗಿಯುತ್ತ ಬಂದಿದ್ದಿತು. ಅಮ್ಮನ ಕೈಯಲ್ಲಿ ಎರಡು ಜಾತಕಗಳಿದ್ದವು. ಒಂದು ಸಂಜೆ ಅಪ್ಪ ತಮ್ಮ ಹಳೆಯ ಪ್ರಶ್ನೆಯನ್ನೇ ಕೇಳಿದರು: "ಅದರಿಂದ ಆಗುವುದೇನು?" ಅಕ್ಕ ಈ ಸಾರಿ ನನ್ನ ಕಡೆ ನೋಡಲಿಲ್ಲ, ಹಿತ್ತಿಲಿನ ಗೋಬರ್ ಗ್ಯಾಸಿನ ತೊಟ್ಟಿಯನ್ನು ತೋರಿಸಿದಳು. ಅಲ್ಲಿಂದ ಬರುವ ಅನಿಲದಲ್ಲಿ ಉರಿಯುವ ಮೀಥೇನು ಹತ್ತರಲ್ಲಿ ಆರು ಪಾಲು. ಮಿಕ್ಕದ್ದರಲ್ಲಿ ಹೆಚ್ಚಿನದು ಇಂಗಾಲದ ಡೈ ಆಕ್ಸೈಡ್, ಅದು ಉರಿಯದು. ಅದನ್ನು ಸೋಸಿ ತೆಗೆದರೆ ಅದೇ ಅನಿಲ ಮೋಟಾರು ಓಡಿಸೀತು. ಯೂರೋಪಿನಲ್ಲಿ ಪಾಲಿಇಮೈಡಿನ ನಾಳಗಳಿಂದ ಈ ಕೆಲಸವನ್ನು ಈಗಾಗಲೆ ಮಾಡುತ್ತಿದ್ದಾರೆ. ಅಪ್ಪ ತೊಟ್ಟಿಯನ್ನೇ ಸ್ವಲ್ಪ ಹೊತ್ತು ನೋಡಿದರು. "ನಿನ್ನ ಚುಕ್ಕಿ ಗೆರೆಯ ಕೆಳಗೆ ಬಿತ್ತೆಂದರೆ ಅದು ದಂಡವೋ?" ಎಂದರು. "ದಂಡವಲ್ಲ. ಯಾವ ಮುಳ್ಳು ಎಷ್ಟು ಸಂದಿ ಕೊಡುತ್ತದೆಂದು ಅದರಿಂದ ತಿಳಿಯಿತು. ಮುಂದಿನವರು ಅದನ್ನೇ ಮತ್ತೆ ಮಾಡಬೇಕಾಗಿಲ್ಲ. ನನಗೆ ಇನ್ನೊಂದು ಮುಳ್ಳು ಹೊಳೆದಿದೆ" ಎಂದಳು ಅಕ್ಕ. ಅಪ್ಪ ಅಮ್ಮನ ಕಡೆ ತಿರುಗಿ, "ಬಿತ್ತಿ ಮೊಳಕೆ ಕಂಡ ಮೇಲೆ ಕಳೆ ತೆಗೆಯದೆ ಹೊಲ ಬಿಟ್ಟು ಬರುವವರುಂಟೆ? ಇನ್ನೊಂದು ವರ್ಷ ಹೋಗಲಿ" ಎಂದರು. ಅಮ್ಮ ಜಾತಕಗಳನ್ನು ಪೆಟ್ಟಿಗೆಯಲ್ಲಿಟ್ಟಳು. ಹರಿಯಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಅಕ್ಕ ಈಗ ತನ್ನ ಐದನೆಯ ವರ್ಷದಲ್ಲಿದ್ದಾಳೆ. ಹೊಸ ಪುಡಿ ಕರಗಿತೋ ಇಲ್ಲವೋ ಇನ್ನೂ ತಿಳಿದಿಲ್ಲ.

ಸಾಹಿತ್ಯ, ಇತಿಹಾಸಗಳನ್ನು ಓದುವ ನಮಗೂ ಇದರಲ್ಲಿ ಒಂದು ಮಾತು ಇದೆಯೆಂದು ನನಗೆ ತೋರುತ್ತದೆ. ಗಟ್ಟಿಯಾದವನು ಯಾರಿಗೂ ಒಗ್ಗುವುದಿಲ್ಲ, ಒಗ್ಗುವವನು ಗಟ್ಟಿಯಲ್ಲ ಎಂದು ನಾವು ಸಾಮಾನ್ಯವಾಗಿ ಎಣಿಸುತ್ತೇವೆ. ಗಟ್ಟಿತನವನ್ನು ಕೈಬಿಡದೆಯೇ ಹೊರಗಿನದಕ್ಕೆ ಎಡೆ ಕೊಡಬಹುದೆಂದು ಆ ಹಳದಿ ಪುಡಿ ಹೇಳುತ್ತದೆ. ಮೆತ್ತಗಾಗಬೇಕಾಗಿಲ್ಲ, ತಮ್ಮ ತಮ್ಮವರೇ ಒತ್ತಾಗಿ ಕುಳಿತ ಕಟ್ಟು ಸ್ವಲ್ಪ ಸಡಿಲವಾದರೆ ಸಾಕು. ನಮ್ಮ ವಿದ್ಯೆಗಳ ಕಟ್ಟುಗಳೂ ಹಾಗೆಯೇ ಬಿಗಿದುಕೊಂಡಿವೆಯಲ್ಲವೆ? ಕಲೆಯವರು ಒಂದು ಕಡೆ, ವಿಜ್ಞಾನದವರು ಒಂದು ಕಡೆ. ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಪ್ರಯೋಗಾಲಯದಿಂದ ರಜೆಗೆ ಬಂದವರು ಯಾರಾದರೂ ಇದ್ದರೆ, ಮಾಡುವುದೇನೆಂದು ಅವರನ್ನು ಕೇಳಿ. ಅರ್ಥವಾಗುವವರೆಗೂ ಕೇಳಿ. ಅವರ ಉತ್ತರವನ್ನು ಅಡಿಗೆಮನೆಯ ಕನ್ನಡಕ್ಕೆ ಇಳಿಸುವ ಕೆಲಸ ನಮ್ಮದು.